ಕಲೆ ಬಿದ್ದ ಸೀಲಿಂಗ್ ಟೈಲ್ ಬದಲಿಸುವ ಮುಂಚೆ

ದೊಡ್ಡ ಆಫೀಸ್ ಕಟ್ಟಡಗಳಲ್ಲಿ ಫಾಲ್ಸ್ ಸೀಲಿಂಗ್ ಮೇಲೆ ಕಂದು ಕಲೆ ಕಂಡರೆ ಏನು ಮಾಡುತ್ತಾರೆ? ಟೈಲ್ ಬದಲಿಸುತ್ತಾರೆ. ಕಂಪ್ಲೇಂಟ್ ಕ್ಲೋಸ್. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೇಲೆ ನೀರು ಸೋರುತ್ತಲೇ ಇರುತ್ತದೆ, ಅದರ ಗುರುತನ್ನು ಮಾತ್ರ ಕಿತ್ತು ಎಸೆದಿರುತ್ತೇವೆ.

ಆ ನೀರು ಎಸಿ ಡ್ರೈನ್ ಪೈಪ್ ಕಟ್ಟಿಕೊಂಡು ಬಂದಿರಬಹುದು. ತಣ್ಣೀರಿನ ಪೈಪಿನ ಇನ್ಸುಲೇಷನ್ ಹರಿದು, ಪೈಪ್ ಬೆವರಿ ತೊಟ್ಟಿಕ್ಕುತ್ತಿರಬಹುದು. ಟೆರೇಸಿನ ವಾಟರ್‌ಪ್ರೂಫಿಂಗ್ ಹೋಗಿರಬಹುದು. ಒಂದೊಂದಕ್ಕೂ ರಿಪೇರಿ ಬೇರೆ ಅಲ್ವಾ? ಮಳೆ ಬಂದಾಗ ಮಾತ್ರ ಸೋರುತ್ತದೋ, ಎಸಿ ಓಡುವಾಗ ಮಾತ್ರವೋ ಅಂತ ಕೆಲವು ದಿನ ಬರೆದಿಟ್ಟರೆ ಹುಡುಕುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ. ಅದಕ್ಕೆ ಒಂದು ನೋಟ್‌ಬುಕ್ ಸಾಕು.

ನೀರು ಸ್ಲ್ಯಾಬಿಗೆ ಇಳಿಯುತ್ತಲೇ ಇದ್ದರೆ ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ ಜಾಗ ಬೇಕು. ಹಾಗಾಗಿ ಅದು ಕಾಂಕ್ರೀಟನ್ನು ಒಳಗಿಂದಲೇ ಒತ್ತಿ ಸೀಳುತ್ತದೆ. ಆ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹೊಡೆದರೆ ಗೋಡೆ ಚೆಂದ ಕಾಣುತ್ತದೆ, ಅಷ್ಟೇ. ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ.

ದಕ್ಷಿಣ ಕೊರಿಯಾದ ಸೋಲ್‌ನಲ್ಲಿದ್ದ ಸಾಂಪುಂಗ್ ಡಿಪಾರ್ಟ್‌ಮೆಂಟ್ ಸ್ಟೋರ್ 1995ರ ಜೂನ್ 29ರಂದು ಕುಸಿದು 502 ಜನ ಸತ್ತರು. ಕಟ್ಟುವಾಗಲೇ ತಪ್ಪುಗಳಾಗಿದ್ದವು. ಕಂಬಗಳು ಸಣ್ಣ, ಮೂಲ ಪ್ಲಾನಿನಲ್ಲಿ ಇಲ್ಲದ ಐದನೇ ಮಹಡಿ ಬೇರೆ. ಆಮೇಲೆ ಛಾವಣಿ ಮೇಲಿನ ಭಾರಿ ಎಸಿ ಯೂನಿಟ್‌ಗಳನ್ನು ಎಳೆದು ಜಾಗ ಬದಲಿಸಿದರು. ಆದರೂ ಕಟ್ಟಡ ಮುನ್ಸೂಚನೆ ಕೊಡದೆ ಬೀಳಲಿಲ್ಲ. ಐದನೇ ಮಹಡಿಯ ಸೀಲಿಂಗಿನಲ್ಲಿ ಏಪ್ರಿಲ್‌ನಲ್ಲೇ ಬಿರುಕು ಕಂಡಿತ್ತು. ಕುಸಿದ ದಿನ ಬಿರುಕು ಹೆಚ್ಚಾದಾಗ ಮೇಲಿನ ಮಹಡಿ ಮುಚ್ಚಿದರು, ಎಸಿ ಆಫ್ ಮಾಡಿದರು. ಕೆಳಗೆ ವ್ಯಾಪಾರ ಮಾತ್ರ ನಡೆಯುತ್ತಲೇ ಇತ್ತು! ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಎಲ್ಲ ಬಿರುಕೂ ಅಪಾಯವಲ್ಲ. ಪ್ಲಾಸ್ಟರ್ ಒಣಗುವಾಗ ಬಿಡುವ ಕೂದಲೆಳೆ ಬಿರುಕಿಗೆ ಗಾಬರಿ ಬೇಡ. ಆದರೆ ಅದು ಯಾವ ಬಿರುಕು ಅಂತ ಹೇಳಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್. ಬಣ್ಣದ ಕಾಂಟ್ರಾಕ್ಟರ್ ಹೇಳುವ ಮಾತಲ್ಲ ಅದು.

ನನ್ನ ಅಭಿಪ್ರಾಯ ಇಷ್ಟು: ಕಾರಣ ಬರೆಯದೆ ಯಾವ ಕಂಪ್ಲೇಂಟನ್ನೂ ಕ್ಲೋಸ್ ಮಾಡಲು ಬಿಡಬಾರದು. ಸೋರಿಕೆಯಾದರೆ ಮುಂದಿನ ಜೋರು ಮಳೆ ಆದಮೇಲೆ ಮತ್ತೆ ನೋಡಿಯೇ ಸಹಿ ಹಾಕಬೇಕು. ಈಗ ಎಷ್ಟೋ ಕಡೆ ಎಷ್ಟು ಬೇಗ ಕ್ಲೋಸ್ ಆಯಿತು ಅನ್ನುವುದರ ಮೇಲೆ ಮೇಂಟೆನೆನ್ಸ್ ತಂಡಕ್ಕೆ ಅಂಕ ಕೊಡುತ್ತಾರೆ. ಹಾಗಿದ್ದಾಗ ಅವರು ಟೈಲ್ ಬದಲಿಸದೆ ಇನ್ನೇನು ಮಾಡಿಯಾರು? ಅದೇ ಕಂಪ್ಲೇಂಟ್ ಮತ್ತೆ ಎಷ್ಟು ಸಲ ಬಂತು ಅಂತ ಎಣಿಸಲು ಶುರು ಮಾಡಿ. ಅಪಾಯ ಕಂಡರೆ ಮಾಲೀಕರ ಫೋನಿಗೆ ಕಾಯದೆ ಆ ಜಾಗ ಖಾಲಿ ಮಾಡಿಸುವ ಅಧಿಕಾರವನ್ನು ಕಟ್ಟಡ ನೋಡಿಕೊಳ್ಳುವವರ ಕೈಗೆ ಲಿಖಿತವಾಗಿ ಕೊಡಿ.