ಕೊಡದ ಮಾತಿಗೆ ತಪ್ಪಿದರೆಂಬ ದೂರು

ಆಪಲ್ ಕಂಪನಿಯ ಮುಂದಿನ ಘೋಷಣಾ ಕಾರ್ಯಕ್ರಮಕ್ಕೆ ಇನ್ನೂ ಆಹ್ವಾನವೇ ಹೊರಬಿದ್ದಿಲ್ಲ. ಅಷ್ಟರಲ್ಲೇ ನಮ್ಮ ಬಳಗದ ಗೆಳೆಯರೊಬ್ಬರು ಹೊಸ ಫೋನಿನಲ್ಲಿ ಏನೇನು ಇರಲಿದೆ ಎಂಬ ಉದ್ದನೆಯ ಪಟ್ಟಿಯೊಂದನ್ನು ಹಾಕಿ, ಇವಿಷ್ಟೂ ಬಾರದಿದ್ದರೆ ಅದು ಅಭಿಮಾನಿಗಳಿಗೆ ಬಗೆಯುವ ದ್ರೋಹ ಎಂದು ಕೊನೆಯಲ್ಲಿ ಷರಾ ಬರೆದಿದ್ದಾರೆ. ಅದಕ್ಕೆ ತಲೆದೂಗಿದವರೂ ಬಹಳ ಮಂದಿ. ಬೆಳಿಗ್ಗೆ ಅದನ್ನು ಓದಿದಾಗಿನಿಂದ ನನಗೆ ಸಿಟ್ಟು ಇಳಿದಿಲ್ಲ. ದ್ರೋಹವಾಗಬೇಕಾದರೆ ಮೊದಲು ಯಾರಾದರೂ ಮಾತು ಕೊಟ್ಟಿರಬೇಕು. ಆ ಪಟ್ಟಿಯ ಒಂದು ಸಾಲನ್ನೂ ಕಂಪನಿಯವರು ಯಾರೂ ಎಲ್ಲಿಯೂ ಹೇಳಿಲ್ಲ. ಹೇಳಿಕೊಂಡವರು ನಾವು, ನಂಬಿದವರು ನಾವು, ನಾಳೆ ಮೋಸಹೋದೆವೆಂದು ಗೋಳಾಡುವವರೂ ನಾವೇ ಆಗಲಿದ್ದೇವೆ.

ನನ್ನನ್ನು ಬಲ್ಲವರಿಗೆ ಗೊತ್ತಿದೆ, ನಾನು ವದಂತಿಗಳ ವಿರೋಧಿಯಲ್ಲ. ಕಾರ್ಯಕ್ರಮಕ್ಕೆ ಮುನ್ನಿನ ವಾರಗಳಲ್ಲಿ ನಾನು ಓದುವಷ್ಟು ಸೋರಿಕೆಯ ಸುದ್ದಿಗಳನ್ನು ನಿಮ್ಮಲ್ಲಿ ಕೆಲವರಷ್ಟೇ ಓದುತ್ತೀರಿ. ಆಹ್ವಾನದ ಚಿತ್ರದಲ್ಲಿ ಅಡಗಿರಬಹುದಾದ ಸುಳಿವನ್ನು ಹುಡುಕುವುದು ನನಗೂ ಇಷ್ಟದ ಕೆಲಸ. 2012ರ ಆಹ್ವಾನದಲ್ಲಿ ದಿನಾಂಕದ 12 ಎಂಬ ಅಂಕಿಯ ನೆರಳು 5ರ ಆಕಾರದಲ್ಲಿ ಬಿದ್ದು ಐಫೋನ್ 5ರ ಸುಳಿವು ಕೊಟ್ಟಿದ್ದನ್ನು ಕಂಡಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ. ನನ್ನ ತಕರಾರು ಒಂದೇ. ಊಹೆಯನ್ನು ಊಹೆಯೆಂದೇ ಇಟ್ಟುಕೊಳ್ಳದೆ, ಅದನ್ನು ಕಂಪನಿಯ ತಲೆಗೆ ಕಟ್ಟಿ, ಕಾರ್ಯಕ್ರಮ ಮುಗಿದ ಮರುಕ್ಷಣವೇ ವಸೂಲಿಗೆ ನಿಲ್ಲುವ ಈ ಚಾಳಿಯನ್ನು ನಾನು ಸಹಿಸಲಾರೆ.

2011ರ ಅಕ್ಟೋಬರ್ 4ನ್ನು ನೆನಪಿಟ್ಟವರಿಗೆ ನಾನು ಹೇಳುತ್ತಿರುವುದು ತಟ್ಟನೆ ಅರ್ಥವಾದೀತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಹಬ್ಬಿದ್ದ ಸುದ್ದಿಯ ಪ್ರಕಾರ ಬರಬೇಕಾದದ್ದು ಐಫೋನ್ 5. ಅದರ ಬೆನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತೆಳ್ಳಗಾಗುತ್ತ ಹೋಗಬೇಕಿತ್ತು, ಪರದೆ ದೊಡ್ಡದಾಗಬೇಕಿತ್ತು, ಹೋಮ್ ಬಟನ್ ಅಗಲವಾಗಬೇಕಿತ್ತು. ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಫೋನಿಗೆ ಹೊರಕವಚ ತಯಾರಿಸುವವರು ಆ ಆಕಾರಕ್ಕೇ ಅಚ್ಚು ಮಾಡಿಸಿ, ಇಲ್ಲದ ಫೋನಿಗೆ ಕವಚಗಳನ್ನು ಎರಕ ಹೊಯ್ದು ಇಟ್ಟಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ಗಾದೆ ಇಷ್ಟು ಅಕ್ಷರಶಃ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಟಿಮ್ ಕುಕ್ ಕಂಪನಿಯ ಮುಖ್ಯಸ್ಥರಾದ ಮೇಲೆ ನಡೆಸಿಕೊಟ್ಟ ಮೊದಲ ಕಾರ್ಯಕ್ರಮ ಅದು. ಬಂದದ್ದು ಐಫೋನ್ 4ಎಸ್. ಹೊರಗಿನಿಂದ ನೋಡಿದರೆ ಹಳೆಯ ಫೋನಿನಂತೆಯೇ ಇತ್ತು. ಒಳಗೆ ಎ5 ಚಿಪ್ ಇತ್ತು, 8 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತು, ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರಿಸುವ ಸಿರಿ ಇತ್ತು. ಕಾರ್ಯಕ್ರಮ ನಡೆಯುತ್ತಿರುವಾಗಲೇ ಕಂಪನಿಯ ಶೇರು ಇಳಿಯಿತು, ಎಲ್ಲೆಲ್ಲೂ ನಿರಾಸೆಯ ಮಾತೇ ಕೇಳಿಬಂತು. ಮಾರಾಟಕ್ಕೆ ಬಂದ ಮೊದಲ ಮೂರು ದಿನಗಳಲ್ಲಿ ಅದೇ ಫೋನು 40 ಲಕ್ಷಕ್ಕೂ ಹೆಚ್ಚು ಖರ್ಚಾಯಿತು.

ಮಾರಾಟದ ಲೆಕ್ಕ ಹೇಳಿ ಕಂಪನಿಯ ಪರ ವಾದಿಸುವುದು ನನ್ನ ಉದ್ದೇಶವಲ್ಲ. ಕಂಪನಿಗೆ ನನ್ನ ವಕಾಲತ್ತು ಬೇಕಾಗಿಯೂ ಇಲ್ಲ. ಆ ದಿನ ಕಣ್ಣೆದುರಿಗಿದ್ದ ವಸ್ತುವನ್ನು ಜನ ನೋಡಲೇ ಇಲ್ಲ ಎಂಬುದು ನನ್ನ ಸಂಕಟ. ವರ್ಷಗಟ್ಟಲೆ ಕೂತು ಮಾಡಿದ ಕೆಲಸವೊಂದು ವೇದಿಕೆಯ ಮೇಲಿತ್ತು, ಅಭಿಮಾನಿಗಳು ಮಾತ್ರ ಬಾರದ ಫೋನಿನ ತೆಳುವಾಗುವ ಬೆನ್ನಿನ ಬಗ್ಗೆ ಅಳುತ್ತಿದ್ದರು.

ಆಸೆಯೊಂದು ಸುದ್ದಿಯಾಗಿ ಬೆಳೆಯುವ ಬಗೆಯನ್ನು ಒಮ್ಮೆ ಹತ್ತಿರದಿಂದ ಗಮನಿಸಿ. ವಿನ್ಯಾಸಕಾರನೊಬ್ಬ ತನ್ನ ಕಲ್ಪನೆಯ ಫೋನನ್ನು ಚಿತ್ರಿಸಿ, ಮೂಲೆಯಲ್ಲಿ ‘ಕಾನ್ಸೆಪ್ಟ್’ ಎಂದು ಪ್ರಾಮಾಣಿಕವಾಗಿ ನಮೂದಿಸುತ್ತಾನೆ. ಹಂಚಿಕೊಳ್ಳುವವರು ಆ ಮೂಲೆಯನ್ನು ಕತ್ತರಿಸಿ ಹಂಚುತ್ತಾರೆ. ವಿಡಿಯೋ ಮಾಡುವವರು ಅದೇ ಚಿತ್ರಕ್ಕೆ ‘ಸೋರಿಕೆ’ ಎಂದು ಹೆಸರಿಡುತ್ತಾರೆ. ಬಿಡಿಭಾಗ ಪೂರೈಸುವ ಕಾರ್ಖಾನೆಗಳ ಮೇಲೆ ಕಣ್ಣಿಟ್ಟಿರುವ ವಿಶ್ಲೇಷಕರು ‘ಎಲ್ಲ ಸರಿಹೋದರೆ ಬರಬಹುದು’ ಎಂದು ಬರೆದದ್ದು ಕೈಯಿಂದ ಕೈಗೆ ದಾಟುವಷ್ಟರಲ್ಲಿ ‘ಬರುವುದು ಖಚಿತ’ ಎಂದಾಗಿರುತ್ತದೆ. ಸೋರಿದ ಚಿತ್ರ ನಿಜವೇ ಆಗಿದ್ದರೂ ಅದು ಕಂಪನಿ ಪ್ರಯತ್ನಿಸಿ ಕೈಬಿಟ್ಟ ಮಾದರಿಯದ್ದಾಗಿರಬಹುದು, ಏಕೆಂದರೆ ಇಂಥ ಯಾವ ಸಾಧನವನ್ನೂ ಹಲವು ಮಾದರಿಗಳನ್ನು ಕಟ್ಟಿ, ಒಡೆದು, ಮತ್ತೆ ಕಟ್ಟಿ ನೋಡದೆ ಯಾರೂ ಅಂತಿಮಗೊಳಿಸುವುದಿಲ್ಲ. ಇನ್ನೂ ಒಂದು ಸಂಗತಿಯಿದೆ. ಸೆಪ್ಟೆಂಬರಿನಲ್ಲಿ ವೇದಿಕೆಗೆ ಬರುವ ಫೋನಿನ ಸಾಮೂಹಿಕ ತಯಾರಿಕೆ ಅದಕ್ಕೂ ಎಷ್ಟೋ ವಾರ ಮುಂಚೆಯೇ ಆರಂಭವಾಗಿರುತ್ತದೆ. ಆಗಸ್ಟ್ ಕೊನೆಯಲ್ಲಿ ಕೂತು ‘ಈ ಬ್ಯಾಟರಿ ಸಾಲದು, ಇನ್ನೊಂದಿಷ್ಟು ಹಾಕಲಿ’ ಎಂದು ಪಟ್ಟಿ ಬೆಳೆಸುವವರು, ಆಗಲೇ ಪೆಟ್ಟಿಗೆ ಸೇರುತ್ತಿರುವ ವಸ್ತುವಿನ ಬಗ್ಗೆ ಬೇಡಿಕೆ ಇಡುತ್ತಿರುತ್ತಾರೆ.

2021ರ ಆಪಲ್ ವಾಚ್ ಸೀರೀಸ್ 7ರ ಪ್ರಸಂಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆಣಕಿದ್ದು. ಆ ವರ್ಷ ಗಡಿಯಾರದ ಅಂಚುಗಳು ಐಫೋನ್ 12ರಂತೆ ಚಪ್ಪಟೆಯಾಗುತ್ತವೆ ಎಂದು ಎಲ್ಲರೂ ನಂಬಿದ್ದರು; ಗಣಕದಲ್ಲಿ ರಚಿಸಿದ ರೆಂಡರ್ ಚಿತ್ರಗಳು ತಿಂಗಳುಗಟ್ಟಲೆ ಓಡಾಡಿದ್ದವು. ಸೆಪ್ಟೆಂಬರ್ 14ರಂದು ಬಂದ ಗಡಿಯಾರದ ಅಂಚು ಚಪ್ಪಟೆಯಾಗುವುದಿರಲಿ, ಮೊದಲಿಗಿಂತಲೂ ಮೃದುವಾಗಿ ಬಾಗಿತ್ತು. ‘ಏನೂ ಬದಲಾಗಿಲ್ಲ’ ಎಂಬ ತೀರ್ಪು ಆ ಕ್ಷಣದಲ್ಲೇ ಹೊರಬಿತ್ತು. ಏನೂ ಬದಲಾಗಿರಲಿಲ್ಲವೇ? ಪರದೆಯ ಸುತ್ತಲಿನ ಕಪ್ಪು ಅಂಚು ಹಿಂದಿನ ಮಾದರಿಗಿಂತ ಶೇಕಡಾ 40ರಷ್ಟು ತೆಳುವಾಗಿ ಬರೀ 1.7 ಮಿಲಿಮೀಟರಿಗೆ ಇಳಿದಿತ್ತು. ಮೇಲಿನ ಗಾಜು ಬೆಳಕನ್ನು ಬಗ್ಗಿಸುವ ರೀತಿಯಿಂದಾಗಿ, ಅಂಚಿನವರೆಗೆ ಹರಡಿದ ಮುಖವೊಂದನ್ನು ಓರೆಯಿಂದ ನೋಡಿದರೆ ಅದರ ಅಂಕಿಗಳು ಗಡಿಯಾರದ ಪಕ್ಕಕ್ಕೆ ಮಡಚಿಕೊಂಡು ಇಳಿದಂತೆ ಕಾಣುತ್ತಿತ್ತು. ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡುವಂಥ ಕುಸುರಿ ಅದು. ನಾನು ಅದನ್ನು ಮೊದಲ ಸಲ ಕಂಡಾಗ ಆ ಗಾಜಿನ ವಕ್ರತೆಯನ್ನು ಲೆಕ್ಕಹಾಕಿದವರು ಯಾರೋ, ಅವರಿಗೆ ಕೈಮುಗಿಯಬೇಕು ಅನ್ನಿಸಿತ್ತು. ಆ ಬಗ್ಗೆ ಒಂದು ಸಾಲು ಬರೆದವರೂ ನಮ್ಮ ಬಳಗದಲ್ಲಿ ಸಿಗಲಿಲ್ಲ. ಎಲ್ಲರೂ ಬಾರದ ಚಪ್ಪಟೆ ಅಂಚಿನ ಶೋಕದಲ್ಲಿದ್ದರು.

‘ಹಾಗಾದರೆ ಊಹೆ ಮಾಡುವುದೇ ಬೇಡವೇ’ ಎಂದು ಕೇಳುವವರಿಗೆ 2017ರ ಹೋಮ್‌ಪಾಡ್ ಕಥೆಯನ್ನು ಹೇಳಬೇಕು. ಹೋಮ್‌ಪಾಡ್ ಎಂಬ ಸ್ಪೀಕರಿನ ತಂತ್ರಾಂಶವನ್ನು ಕಂಪನಿಯೇ ಅವಧಿಗೆ ಮುನ್ನ ಹೊರಗೆ ಬಿಟ್ಟುಬಿಟ್ಟಿತ್ತು. ಕೆಲವು ಡೆವಲಪರುಗಳು ಅದನ್ನು ಬಗೆದು ನೋಡಿದಾಗ, ಅಂಚಿಲ್ಲದ, ನೆತ್ತಿಯಲ್ಲಿ ಕಚ್ಚು ಬಿಟ್ಟ ಫೋನೊಂದರ ರೇಖಾಚಿತ್ರವೂ, ಮುಖ ಗುರುತಿಸುವ ವ್ಯವಸ್ಥೆಗೆ ಇಟ್ಟಿದ್ದ ಪರ್ಲ್ ಎಂಬ ಗುಪ್ತನಾಮವೂ ಸಿಕ್ಕವು. ಸೆಪ್ಟೆಂಬರ್ 12ರಂದು ಐಫೋನ್ ಎಕ್ಸ್ ಬಂದಾಗ ಅವರು ಹೇಳಿದ್ದು ಹಾಗೆಯೇ ಇತ್ತು. ಇದು ನನ್ನ ಗೌರವಕ್ಕೆ ಪಾತ್ರವಾದ ಊಹೆ. ಅವರು ಕಂಡದ್ದೆಷ್ಟೋ ಅಷ್ಟನ್ನೇ ಹೇಳಿದರು, ಎಲ್ಲಿ ಕಂಡರೆಂದು ತೋರಿಸಿದರು. ರಷ್ಯಾ ಮತ್ತು ಅದರ ಕೆಲವು ನೆರೆದೇಶಗಳ ಒಕ್ಕೂಟದ ಸಂಸ್ಥೆಯಾದ ಯುರೇಷಿಯಾದ ಆರ್ಥಿಕ ಆಯೋಗಕ್ಕೆ ಸಲ್ಲಿಸುವ ದಾಖಲೆಗಳಲ್ಲಿ ಹೊಸ ಮಾದರಿ ಸಂಖ್ಯೆಗಳನ್ನು ಹೆಕ್ಕಿ ತೆಗೆಯುವವರ ಬಗ್ಗೆಯೂ ನನಗೆ ಇಂಥದೇ ಗೌರವವಿದೆ. ಅವರು ಸಂಖ್ಯೆ ಇದೆ ಎನ್ನುತ್ತಾರೆಯೇ ಹೊರತು, ಆ ಸಂಖ್ಯೆಗೆ ತಮ್ಮ ಮನಸ್ಸಿನ ಆಸೆಗಳನ್ನೆಲ್ಲ ತೊಡಿಸುವುದಿಲ್ಲ.

ಇದೆಲ್ಲ ಬರಿಯ ಖುಷಿಗಾಗಿ, ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಬೇಡ ಎಂದು ಗೆಳತಿಯೊಬ್ಬರು ಹಿಂದೊಮ್ಮೆ ಬುದ್ಧಿ ಹೇಳಿದ್ದರು. ಖುಷಿಯಾಗಿದ್ದರೆ ನನಗೆ ದೂರೇ ಇರುತ್ತಿರಲಿಲ್ಲ. ಕಾರ್ಯಕ್ರಮ ಮುಗಿದ ರಾತ್ರಿ ನಾನು ಓದುವುದು ಬೈಗುಳ, ಹತಾಶೆ ಮತ್ತು ಮೋಸಹೋದವರ ಅಳಲು. ಅದರಲ್ಲಿ ಖುಷಿಯನ್ನು ಎಲ್ಲಿ ಹುಡುಕಲಿ? ಇನ್ನು ಕೆಲವರು, ಈ ಗದ್ದಲ ಕಂಪನಿಗೇ ಬೇಕು, ಅದಕ್ಕೇ ಅವರು ಯಾವ ವದಂತಿಯನ್ನೂ ಅಲ್ಲಗಳೆಯುವುದಿಲ್ಲ ಎನ್ನುತ್ತಾರೆ. ಲಾಭ ಆಗಿರುವುದೂ ಉಂಟು. 2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಐಪ್ಯಾಡ್ ತೋರಿಸಿದಾಗ, ಪಂಡಿತರು ಊಹಿಸಿದ್ದ 999 ಡಾಲರ್ ಎಂಬ ಬೆಲೆಯನ್ನೇ ಮೊದಲು ಪರದೆಯ ಮೇಲೆ ಇಟ್ಟು, ಆಮೇಲೆ ಅದನ್ನು 499ಕ್ಕೆ ಕೆಡವಿದ್ದರು. ಸಭೆ ಚಪ್ಪಾಳೆ ತಟ್ಟಿತು. ಒಪ್ಪಿದೆ. ಆದರೆ ವದಂತಿಯಿಂದ ಲಾಭ ಪಡೆದ ಮಾತ್ರಕ್ಕೆ ಆ ವದಂತಿ ಕಂಪನಿಯ ವಾಗ್ದಾನವಾಗುವುದಿಲ್ಲ, ಸುಮ್ಮನಿದ್ದವರು ಒಪ್ಪಿಕೊಂಡರು ಎಂದು ಬರೆದುಕೊಳ್ಳುವ ಹಕ್ಕೂ ನಮಗಿಲ್ಲ.

ನನಗೆ ಇದು ಇಷ್ಟೊಂದು ನೋವು ಕೊಡುವುದಕ್ಕೆ ಕಾರಣ ಬೇರೆ ಇದೆ. ಕಂಪನಿ ನಿಜವಾಗಿಯೂ ಮಾತು ಕೊಟ್ಟು ತಪ್ಪಿದ ಸಂದರ್ಭಗಳಿವೆ, ಅಲ್ಲಿ ನಮ್ಮ ಸಿಟ್ಟು ಪೂರ್ತಿ ನ್ಯಾಯವಾದದ್ದು. ಏರ್‌ಪವರ್ ಎಂಬ ಚಾರ್ಜಿಂಗ್ ಹಾಸನ್ನು 2017ರ ಸೆಪ್ಟೆಂಬರಿನಲ್ಲಿ ಅವರೇ ವೇದಿಕೆಯ ಮೇಲೆ ತೋರಿಸಿದರು, ಮುಂದಿನ ವರ್ಷ ಬರುತ್ತದೆ ಎಂದರು, ಏರ್‌ಪಾಡ್ಸ್ ಪೆಟ್ಟಿಗೆಯ ಮೇಲೆ ಅದರ ರೇಖಾಚಿತ್ರವನ್ನೂ ಅಚ್ಚು ಹಾಕಿಸಿದರು. 2019ರ ಮಾರ್ಚ್ 29ರಂದು ಒಂದು ಸಣ್ಣ ಹೇಳಿಕೆ ಕೊಟ್ಟು ಯೋಜನೆಯನ್ನೇ ಕೈಬಿಟ್ಟರು. 2024ರ ಜೂನ್ 10ರಂದು, ಅಮ್ಮನ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಕೇಳಿದರೆ ಇಮೇಲು, ಸಂದೇಶಗಳನ್ನೆಲ್ಲ ಸೋಸಿ ಉತ್ತರ ಕೊಡುವ ಹೊಸ ಸಿರಿಯನ್ನು ತೋರಿಸಿದರು. ಐಫೋನ್ 16 ಮಾರಾಟಕ್ಕೆ ಬಂದಾಗ ಅದನ್ನೇ ಜಾಹೀರಾತಿನಲ್ಲಿ ಬಿತ್ತರಿಸಿದರು. 2025ರ ಮಾರ್ಚಿನಲ್ಲಿ, ಇದಕ್ಕೆ ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲ ಬೇಕು ಎಂದು ಹೇಳಿ ಆ ಜಾಹೀರಾತನ್ನು ಹಿಂದಕ್ಕೆ ತೆಗೆದುಕೊಂಡರು. ಆ ಸೌಲಭ್ಯವನ್ನು ನಂಬಿ ಫೋನು ಕೊಂಡವರಿಗೆ ಕೇಳುವ ಹಕ್ಕಿತ್ತು. ಅವರ ದೂರು ಗಟ್ಟಿಯಾಗಿ ಕೇಳಿಸಬೇಕಿತ್ತು. ಆದರೆ ಪ್ರತಿ ಕಾರ್ಯಕ್ರಮದ ರಾತ್ರಿಯೂ ಬಾರದ ಬಣ್ಣಕ್ಕೆ, ಬಾರದ ಅಂಚಿಗೆ, ಯಾರೋ ಬರೆದ ಚಿತ್ರಕ್ಕೆ ದ್ರೋಹ ದ್ರೋಹ ಎಂದು ಕೂಗಿಕೊಂಡು ಬಂದ ನಮ್ಮ ಬಾಯಿಂದ ಆ ಮಾತು ಹೊರಟಾಗ ಅದಕ್ಕೆ ಯಾವ ತೂಕ ಉಳಿದಿತ್ತು? ಅಭಿಮಾನಿಗಳದ್ದು ಯಾವಾಗಲೂ ಇದ್ದದ್ದೇ ಎಂದು ಹೊರಗಿನವರು ತಳ್ಳಿಹಾಕಿದರೆ, ಆ ಸಲೀಸನ್ನು ಒದಗಿಸಿಕೊಟ್ಟವರು ನಾವೇ.

ಕಾರಿನ ವಿಷಯದಲ್ಲೂ ಇದೇ ಗೊಂದಲ. ಆಪಲ್ ಕಾರಿನ ಯೋಜನೆ 2014ರ ಸುಮಾರಿಗೆ ಶುರುವಾಗಿ 2024ರ ಫೆಬ್ರವರಿಯಲ್ಲಿ ಮುಚ್ಚಿತು. ಅಷ್ಟೂ ವರ್ಷ ಕಂಪನಿ ಒಂದು ಕಾರನ್ನೂ ಘೋಷಿಸಲಿಲ್ಲ. ಆದರೂ ‘ಕಾರು ಕೊಡುತ್ತೇವೆಂದು ಕೈಕೊಟ್ಟರು’ ಎಂದು ಇವತ್ತಿಗೂ ಬರೆಯುವವರಿದ್ದಾರೆ.

ಐಫೋನ್ 13 ಬರುವ ಮುನ್ನ, ಅದು ಉಪಗ್ರಹದ ಮೂಲಕ ಕರೆ ಮಾಡುತ್ತದೆ, ಟವರಿನ ಹಂಗೇ ಇರುವುದಿಲ್ಲ ಎಂದು ಹಬ್ಬಿತ್ತು. ಆಪಲ್ ಕುರಿತ ಅಂದಾಜುಗಳಿಗೆ ಹೆಸರಾದ ವಿಶ್ಲೇಷಕ ಮಿಂಗ್-ಚಿ ಕುವೊ ಬರೆದ ಟಿಪ್ಪಣಿಯೊಂದು ಅದಕ್ಕೆ ಮೂಲ. 2021ರಲ್ಲಿ ಅದು ಬರಲಿಲ್ಲ, ಎಂದಿನಂತೆ ಗೋಳಾಟ ನಡೆಯಿತು. 2022ರ ಸೆಪ್ಟೆಂಬರ್ 7ರಂದು ಐಫೋನ್ 14ರ ಜೊತೆ ಬಂದದ್ದು ಗ್ಲೋಬಲ್‌ಸ್ಟಾರ್ ಕಂಪನಿಯ ಉಪಗ್ರಹಗಳನ್ನು ಬಳಸುವ ತುರ್ತು ಸಂದೇಶದ ಸೌಲಭ್ಯ. ಆಪತ್ತಿನಲ್ಲಿರುವವನಿಗೆ ಫೋನು ಮೊದಲು ಚುಟುಕಾದ ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆಯುತ್ತದೆ, ಆಮೇಲೆ ಆಕಾಶದಲ್ಲಿ ಉಪಗ್ರಹ ಯಾವ ಕಡೆಗಿದೆ ಎಂದು ಪರದೆಯ ಮೇಲೆ ತೋರಿಸಿ, ಕೈಯನ್ನು ಎಡಕ್ಕೋ ಬಲಕ್ಕೋ ತಿರುಗಿಸಲು ಹೇಳುತ್ತದೆ. ಆಕಾಶ ತೆರೆದಿದ್ದರೆ ಸಂದೇಶ 15 ಸೆಕೆಂಡಿನಲ್ಲಿ ಹೋಗಿಬಿಡಬಹುದು. ಜೇಬಿನಲ್ಲಿ ಹಿಡಿಸುವ ಫೋನಿನಿಂದ, ಹೊರಗೆ ಚಾಚುವ ಆಂಟೆನಾ ಇಲ್ಲದೆ, ಓಡುತ್ತಿರುವ ಉಪಗ್ರಹವನ್ನು ಮುಟ್ಟುವುದು ನನ್ನ ಮಟ್ಟಿಗೆ ಆ ವರ್ಷದ ಅತ್ಯಂತ ಸುಂದರವಾದ ಎಂಜಿನಿಯರಿಂಗ್. ಅದನ್ನೂ ‘ಕರೆ ಮಾಡಲು ಬರುವುದಿಲ್ಲವಲ್ಲ’ ಎಂದು ತಳ್ಳಿಹಾಕಿದವರನ್ನು ಓದಿ ನಾನು ಅಂದು ಕಂಪ್ಯೂಟರ್ ಮುಚ್ಚಿ ಎದ್ದುಹೋಗಿದ್ದೆ.

ಈ ಸಲದ ಪಟ್ಟಿಗಳನ್ನು ನಾನು ಓದುತ್ತೇನೆ, ಅದರಲ್ಲಿ ಅನುಮಾನ ಬೇಡ. ಗೆಳೆಯರಲ್ಲಿ ಕೇಳಿಕೊಳ್ಳುವುದಿಷ್ಟು: ಪ್ರತಿ ಅಂಶದ ಪಕ್ಕದಲ್ಲಿ ಅದನ್ನು ಯಾರು ಹೇಳಿದರು ಎಂದು ಬರೆಯಿರಿ. ದಾಖಲೆಯಲ್ಲಿ ಕಂಡದ್ದಾದರೆ ದಾಖಲೆಯ ಹೆಸರು, ವಿಶ್ಲೇಷಕರ ಅಂದಾಜಾದರೆ ಅವರ ಹೆಸರು, ನಿಮ್ಮದೇ ಆಸೆಯಾದರೆ ‘ನನ್ನ ಆಸೆ’ ಎಂದು. ಕಾರ್ಯಕ್ರಮ ಮುಗಿದ ಮೇಲೆ ಬಾರದ್ದರ ಬಗ್ಗೆ ಬರೆಯುವ ಮೊದಲು ಆ ಪಟ್ಟಿಯನ್ನು ಮತ್ತೊಮ್ಮೆ ತೆರೆದು ಹೆಸರುಗಳನ್ನು ನೋಡಿ. ಅಲ್ಲಿ ಕಂಪನಿಯ ಹೆಸರೇ ಇದ್ದರೆ ನನಗೂ ಒಂದು ಸಂದೇಶ ಕಳಿಸಿ, ನಾನೂ ನಿಮ್ಮ ಜೊತೆ ನಿಂತು ದೂರುತ್ತೇನೆ.