ಸಿಂಹಕ್ಕೆ ಕನ್ನಡ ಬರಲಿಲ್ಲ

2019ರ ಜುಲೈನಲ್ಲಿ ಹೈದರಾಬಾದಿನ ಥಿಯೇಟರೊಂದರಲ್ಲಿ ‘ದಿ ಲಯನ್ ಕಿಂಗ್’ ತೆಲುಗಿನಲ್ಲಿ ನೋಡಿದೆ. ಸಿಂಹರಾಜ ಮುಫಾಸ ಬಾಯಿ ತೆರೆದದ್ದೇ ತಡ, ಮೈ ಜುಮ್ಮೆಂದಿತು. ಅದು ರವಿಶಂಕರ್ ದನಿ, ‘ಕೆಂಪೇಗೌಡ’ದ ಆರ್ಮುಗಂ ದನಿ! ಆ ಖುಷಿ ನಿಮಿಷವೂ ಉಳಿಯಲಿಲ್ಲ. ಕನ್ನಡಿಗರ ಮನೆಮಾತಾದ ಕಂಠ ಸಿಕ್ಕಿಯೂ ಸಿಂಹಕ್ಕೆ ಕನ್ನಡ ಬರಲಿಲ್ಲ. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಅಷ್ಟಕ್ಕೇ ಮುಗಿಯಿತು.

ಆ ವಾರವೆಲ್ಲ ಪಕ್ಕದ ಮನೆಯಲ್ಲಿ ಇದೇ ಜಗಳ. 1994ರ ಕಾರ್ಟೂನನ್ನು ಟಿವಿಯಲ್ಲಿ ನೋಡಿದ್ದ ಅಜ್ಜಿಗೆ ಹೊಸದು ಹಿಡಿಸಲಿಲ್ಲ. ಅಪ್ಪ ಸತ್ತು ಬಿದ್ದಿದ್ದರೂ ಮರಿಯ ಮುಖದಲ್ಲಿ ಅಳುವೇ ಇಲ್ಲ ಅಂತ ಅವರ ದೂರು. “ನಿಜವಾದ ಸಿಂಹ ಅಳುತ್ತಾ, ಅಮ್ಮಮ್ಮಾ?” ಅಂತ ಮೊಮ್ಮಗ.

ನಾನು ಅಜ್ಜಿಯ ಕಡೆ. ಕೈಯಲ್ಲಿ ಬರೆದ ಸಿಂಹದ ಹುಬ್ಬು ಮಾತಾಡುತ್ತಿತ್ತು, ಖಳ ಸ್ಕಾರ್‌ನ ತುಟಿಯಂಚಿನಲ್ಲೇ ಕುತಂತ್ರ ಕಾಣುತ್ತಿತ್ತು. ಹೊಸದರ ನಿರ್ದೇಶಕ ಜಾನ್ ಫಾವ್ರೋ ತಂಡ ಒಂದೊಂದು ರೋಮವನ್ನೂ ಕಂಪ್ಯೂಟರಿನಲ್ಲಿ ಕೂರಿಸಿತು. ಮೊದಲ ಸೂರ್ಯೋದಯದ ಶಾಟ್ ಒಂದು ಬಿಟ್ಟರೆ ಕ್ಯಾಮೆರಾದಲ್ಲಿ ತೆಗೆದದ್ದು ಏನೂ ಇಲ್ಲ. ಆದರೂ ಲೈವ್ ಆ್ಯಕ್ಷನ್ (ನಿಜವಾಗಿ ಚಿತ್ರೀಕರಿಸಿದ್ದು) ಅಂತಲೇ ಹೆಸರಾಯಿತು. ಪ್ರಾಣಿ ಗೆದ್ದಿತು, ಪಾತ್ರ ಸೋತಿತು. ಗಳಿಕೆ 160 ಕೋಟಿ ಡಾಲರ್ ದಾಟಿತು, ಆ ಹುಡುಗನ ಪಕ್ಷ ಚಿಕ್ಕದೇನಲ್ಲ.

ಬೆಂಗಳೂರಿಗೆ ಫೋನ್ ಮಾಡಿದೆ. “ನಾವೂ ಹೋಗಿದ್ವಿ ಕಣೋ,” ಅಂದಳು ಅಕ್ಕ. “ನನ್ನ ಮಗನಿಗೆ ಇಂಗ್ಲಿಷ್ ಅರ್ಥ ಆಯ್ತು. ಅಮ್ಮ ಇಂಟರ್‌ವೆಲ್‌ಗೇ ಮನೆಗೆ ಹೋಗೋಣ ಅಂದ್ಲು.” ಅಲ್ಲಿ ಜಗಳವೇ ಇರಲಿಲ್ಲ. ಚೆನ್ನಾಗಿಲ್ಲ ಅನ್ನುವುದಕ್ಕೂ ಮೊದಲು ತಿಳಿಯಬೇಕಲ್ಲ! ಸಾಗರದ ಕಡೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ, ಕೌರವನ ಕಣ್ಣಿನಲ್ಲಿ ಸಿಟ್ಟು ಸಾಲದಾಯಿತು ಅಂತ ಮರುದಿನ ಸಂಜೆವರೆಗೂ ವಾದಿಸುವವಳು ನಮ್ಮಮ್ಮ. ಭಾವವಿಲ್ಲದ ಸಿಂಹದ ಬಗ್ಗೆ ಅವಳಿಗೆ ಹೇಳಲಿಕ್ಕೆ ಎಷ್ಟಿರುತ್ತಿತ್ತೋ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ನಮ್ಮ ಚಿತ್ರರಂಗ ವಿರೋಧಿಸಿದ್ದು ತಪ್ಪು ಅಂತ, ವ್ಯಾಪಾರದ ಸ್ಪರ್ಧೆ ಕಾಯುವ ಕೇಂದ್ರದ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತ್ತು. ಕಂಪ್ಯೂಟರಿನಲ್ಲಿ ಹುಟ್ಟಿದ ಸಿಂಹ ನಮ್ಮ ಯಾವ ನಟನ ಅನ್ನ ಕಸಿಯುತ್ತದೆ? 2024ರಲ್ಲಿ ‘ಮುಫಾಸ’ ಬಂದಾಗ ತೆಲುಗಿನವರಿಗೆ ಮಹೇಶ್ ಬಾಬು ದನಿ ಸಿಕ್ಕಿತು. ನಮಗೆ ಮತ್ತೆ ಅದೇ ಕಥೆ.

ಹೌದು, 60ರ ದಶಕದಲ್ಲಿ ಡಬ್ಬಿಂಗ್ ಬೇಡ ಅನ್ನುವ ಆ ಹಟ ಇಲ್ಲದೇ ಹೋಗಿದ್ದರೆ ನಾನು ನೋಡುತ್ತ ಬೆಳೆದ ರಾಜ್ ಚಿತ್ರಗಳಲ್ಲಿ ಎಷ್ಟು ಉಳಿಯುತ್ತಿದ್ದವೋ ಗೊತ್ತಿಲ್ಲ. ಆ ಋಣ ನನಗಿದೆ. 2022ರಲ್ಲಿ ಎರಡನೇ ‘ಅವತಾರ್’ ಕನ್ನಡದಲ್ಲೂ ಬಂತು, ಅದನ್ನೂ ಹೇಳಬೇಕು. ಅಕ್ಕ ಅಮ್ಮನನ್ನು ಕರೆದುಕೊಂಡು ಹೋಗಿದ್ದಳು. ರಾತ್ರಿ ಹನ್ನೊಂದಕ್ಕೆ ಅಮ್ಮನ ಫೋನ್: “ನೀಲಿ ಮುಖ ಆದ್ರೂ ದುಃಖ ಕಾಣ್ತಿತ್ತು ಮಾರಾಯ. ಆದ್ರೆ ನೀರಿನ ಕಥೆ ಅಷ್ಟು ಎಳೀಬಾರದಿತ್ತು.” ಹಿಂದಿನಿಂದ ಮೊಮ್ಮಗ ಕೂಗಿದ, “ಅದೇ ಚೆನ್ನಾಗಿದ್ದಿದ್ದು, ಅಜ್ಜಿ!”