ನ್ಯಾನೊಟ್ಯೂಬ್ ಎರಡೂ ರಬ್ಬರಿಗೆ ಸಮನಾಗಿ ಹಂಚಿಹೋಗಲ್ಲ
ಸಂಡೂರಿನ ಅದಿರು, ರಾಯಚೂರು ವಿದ್ಯುತ್ ಸ್ಥಾವರದ ಕಲ್ಲಿದ್ದಲು ಸಾಗಿಸುವ ಬೆಲ್ಟ್‌ಗಳ ಕುರಿತ ಒಂದು ಲೇಖನದಲ್ಲಿ, ನೈಸರ್ಗಿಕ ರಬ್ಬರ್ ಮತ್ತು ಎಸ್‌ಬಿಆರ್ (ಸ್ಟೈರೀನ್-ಬ್ಯುಟಡೈಯೀನ್ ಎಂಬ ಕೃತಕ ರಬ್ಬರ್) ಮಿಶ್ರಣಕ್ಕೆ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿಸೂಕ್ಷ್ಮ ಕೊಳವೆ) ಹಾಕಿದರೆ ಎಲ್ಲ ಕಡೆ ಸಮನಾಗಿ ಹರಡುತ್ತದೆ ಎಂದಿದೆ. ಹಾಗಾಗುವುದಿಲ್ಲ. ಎಸ್‌ಬಿಆರ್‌ನ ಬೆಂಜೀನ್ ಉಂಗುರಗಳಿಗೆ ಟ್ಯೂಬಿನ ಗೋಡೆಯ ಜೊತೆ ನಂಟಿದೆ, ನಿಜ. ಆದರೆ ನೈಸರ್ಗಿಕ ರಬ್ಬರಿನ ಸರಪಳಿಯ ತುದಿಯಲ್ಲಿರುವ ಫಾಸ್ಫೋಲಿಪಿಡ್ (ರಂಜಕವಿರುವ ಕೊಬ್ಬಿನಂಥ ವಸ್ತು) ಕೂಡ ಟ್ಯೂಬನ್ನು ಹಿಡಿದುಕೊಳ್ಳುತ್ತದೆ. ನೈಸರ್ಗಿಕ ರಬ್ಬರಿನ ಕೃತಕ ರೂಪವಾದ ಪಾಲಿಐಸೊಪ್ರೀನ್‌ಗೆ ಆ ತುದಿಯೇ ಇಲ್ಲ. ಅದನ್ನು ಬದಲಿಗೆ ಹಾಕಿ ಅದೇ ಫಲ ಬರಲಿ ಅಂದರೆ ಹೇಗೆ?

ಎರಡರ ಹಿಡಿತ ಸಮನಲ್ಲದ್ದರಿಂದ ಹಾಕುವ ಕ್ರಮ ಮುಖ್ಯ. ಟ್ಯೂಬ್ ಯಾವ ರಬ್ಬರಿನಲ್ಲಿ ಇರಬೇಕೋ ಅದರ 100 ಭಾಗಕ್ಕೆ 10 ಭಾಗ ಸೇರಿಸಿ ಮೊದಲು ಮಾಸ್ಟರ್‌ಬ್ಯಾಚ್ (ಗಟ್ಟಿ ಮೂಲ ಮಿಶ್ರಣ) ಮಾಡಿ. ಅರೆಯುವ ರೋಲ್ ತಣ್ಣಗಿರಲಿ, ರೋಲ್‌ಗಳ ನಡುವಿನ ಸಂದು ಬಿಗಿಯಾಗಿರಲಿ. ಬಿಸಿಯಾದರೆ ರಬ್ಬರ್ ಮೆತ್ತಗಾಗಿ ತಿಕ್ಕುವ ಬಲ ಇಳಿಯುತ್ತದೆ, ಟ್ಯೂಬಿನ ಗಂಟು ಗಂಟಾಗಿಯೇ ಉಳಿಯುತ್ತದೆ. (ಒಣ ಪುಡಿ ಗಾಳಿಗೆ ಹಾರುತ್ತದೆ, ಮಾಸ್ಕ್ ಬೇಕೇ ಬೇಕು.) ಆಮೇಲೆ ಎರಡನೇ ರಬ್ಬರ್, ಕೊನೆಗೆ ಗಂಧಕ ಮತ್ತು ಆಕ್ಸಿಲರೇಟರ್ (ರಬ್ಬರ್ ಬೇಗ ಬೇಯಲು ಹಾಕುವ ರಾಸಾಯನಿಕ). ಎರಡನೇ ರಬ್ಬರಿನ ಜೊತೆ ಬಿಸಿಯಲ್ಲಿ ಹೆಚ್ಚು ಹೊತ್ತು ಅರೆದರೆ ಟ್ಯೂಬ್ ಅತ್ತ ಜಾರಬಹುದು.

ಇನ್ನೊಂದು, ಟ್ಯೂಬ್ ಇರುವ ರಬ್ಬರ್ ದ್ವೀಪಗಳಂತೆ ಬಿಡಿಬಿಡಿಯಾಗಿದ್ದರೆ ವಿದ್ಯುತ್ ಹರಿಯುವುದಿಲ್ಲ. ಅದು ಉದ್ದಕ್ಕೂ ಜೋಡಿಕೊಂಡಿರಬೇಕು. ಆಂಟಿಸ್ಟ್ಯಾಟಿಕ್ (ಸ್ಥಾಯಿ ವಿದ್ಯುತ್ ಕೂಡಿಕೊಳ್ಳದಂತೆ ಹರಿಯಬಿಡುವ) ಬೆಲ್ಟಿನ 300 ಮೆಗಾಓಮ್ ರೋಧದ ಮಿತಿಯನ್ನು ಬೆಂದ ಹಾಳೆಯ ಮೇಲೆಯೇ ಅಳೆಯಿರಿ, ಹಸಿ ಕಾಂಪೌಂಡ್ ಮೇಲಲ್ಲ. ಟ್ಯೂಬ್ ಆಕ್ಸಿಲರೇಟರನ್ನೂ ಹೀರುತ್ತದೆ. ಹಳೆಯ ಕ್ಯೂರಿಂಗ್ ಸಮಯ ನಂಬದೆ ರಬ್ಬರ್ ಎಷ್ಟು ಹೊತ್ತಿಗೆ ಬೇಯುತ್ತದೆ ಎಂದು ಅಳೆಯುವ ರಿಯೋಮೀಟರ್ ನೋಡಿ.